ಕರೇಕಲ್ಲುದೊಡ್ಡಿಗೆ ಜಿಪ್ಸಿ

ರಾಜಗೋಪಾಲನಗರ, ಬೆಂಗಳೂರು
೧೬ ಜುಲೈ ೧೯೯೬

ಗದಗಿನ ಶ್ರೀಮತಿ ಮಹಾಂತಮ್ಮನವರ ಸನ್ನಿಧಾನಕ್ಕೆ,

ಪೀಣ್ಯ ಎರಡನೇ ಹಂತದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್‌ಶಾಪ್ ಫೋರ್‌ಮನ್ನೂ, ನಮ್ಮ ಕಾರ್ಮಿಕರ ನಾಟಕ ಸಂಘದಲ್ಲಿ ಇಪ್ಪತ್ತು ವರ್ಷದಿಂದ ರಾಜಪಾರ್ಟು ಮಾಡುತ್ತ ಬಂದವನೂ ಆದ ಚಿಕ್ಕಬೈರಪ್ಪನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರ!

ತಾವು ನನ್ನನ್ನು ಕಂಡವರಲ್ಲ. ಆದರೆ ತಮ್ಮ ಬಿಳಿ ಜಿಪ್ಸಿ ಜೀಪು ಮೊನ್ನೆ ಭಾನುವಾರದಿಂದ ನನ್ನ ಮನೆಯ ಬಾಗಿಲಲ್ಲಿ ನಿಂತಿದೆ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿರುವ ತಮ್ಮ ಅಕ್ಕನ ಮಗ ಮಲ್ಲಿಕ್ ಕೀಲಿಕೈ ಕೊಟ್ಟು, "ಕಾಗದಪತ್ರಕ್ಕೆ ಚಿಕ್ಕಮ್ಮನಿಗೆ ಬರೀರಿ ಸಾರ್" ಎಂದರು. ಹೆಸರು ಬದಲಾವಣೆಯ ಅರ್ಜಿ ಇದರೊಂದಿಗಿದೆ. ಗುರುತು ಹಾಕಿದಲ್ಲಿ ಸಹಿ ಮಾಡಿ ಕಳಿಸುವ ಕೃಪೆಯಾಗಲಿ.

ಒಂಬತ್ತು ವರ್ಷದ ಹಳೆಯ ಗಾಡಿ ಇವನಿಗೇಕೆ ಎಂದು ತಾವು ಕೇಳಬಹುದು. ಕೇಳಿ, ಹೇಳುತ್ತೇನೆ! ಮಾಗಡಿಯ ಆಚೆ ಬಂಡೆಗಳ ನೆತ್ತಿಯ ಮೇಲೆ ಕರೇಕಲ್ಲುದೊಡ್ಡಿ ಎಂಬ ಹನ್ನೆರಡು ಮನೆಯ ಊರಿದೆ. ಅಲ್ಲಿ ನಮ್ಮ ಹಾರ್ಮೋನಿಯಂ ಮೇಷ್ಟ್ರು ವೆಂಕಟರಮಣಪ್ಪನವರು ಮಗಳ ಮನೆಯಲ್ಲಿದ್ದಾರೆ. ವಯಸ್ಸು ಎಪ್ಪತ್ತೆಂಟು. ಮೊಣಕಾಲು ಸವೆದು ಹೋಗಿ ನಾಲ್ಕು ಕಿಲೋಮೀಟರು ಕಲ್ಲುದಾರಿ ಇಳಿಯಲಾರರು. ಬಾಡಿಗೆ ಟ್ಯಾಕ್ಸಿಯವರು ಆ ದಾರಿಯ ಬುಡ ನೋಡಿಯೇ ಕೈಮುಗಿದರು. ಹೋದ ವರ್ಷದ ರಾಜ್ಯೋತ್ಸವದ ನಾಟಕಕ್ಕೆ ಮೇಷ್ಟ್ರಿಲ್ಲದೆ ಯಾರನ್ನೋ ಕರೆತಂದು ಕೂರಿಸಿದೆವು. ಆ ಮಹಾನುಭಾವ ಶ್ರುತಿಯನ್ನು ಆಕಾಶಕ್ಕೆ ಏರಿಸಿಬಿಟ್ಟ. ಸಿಂಹಾಸನದ ಮೇಲೆ ನನ್ನ ಗಂಟಲು ಕಿರ್ರೆಂದಿತು. ಇಡೀ ಕಾರ್ಖಾನೆ ನಕ್ಕಿತು ತಾಯಿ! ಕ್ಯಾಂಟೀನಿನವನು ಇವತ್ತಿಗೂ ನನಗೆ ಟೀ ಕೊಡುವಾಗ ಆ ಸ್ವರ ತೆಗೆಯುತ್ತಾನೆ.

ಈ ನವೆಂಬರ್ ಒಂದಕ್ಕೆ ಮೇಷ್ಟ್ರು ಪೀಣ್ಯದಲ್ಲಿ ಹಾರ್ಮೋನಿಯಂ ಮುಂದೆ ಕೂತಿರಬೇಕು. ಗಾಡಿ ಕೊಂಡದ್ದು ಅದಕ್ಕೇ. ಆದ್ದರಿಂದ ಅದರ ಗುಣಾವಗುಣಗಳನ್ನು ದಯವಿಟ್ಟು ತಮ್ಮ ಯಜಮಾನರಿಂದ ಕೇಳಿ ಬರೆಯಿರಿ.

ತಮ್ಮ ವಿಶ್ವಾಸದ,
ಚಿಕ್ಕಬೈರಪ್ಪ


ಗದಗ
೨೩ ಜುಲೈ ೧೯೯೬

ಶ್ರೀ ಚಿಕ್ಕಬೈರಪ್ಪನವರಿಗೆ ನಮಸ್ಕಾರ.

ಸಹಿ ಮಾಡಿದ ಅರ್ಜಿ ಇಟ್ಟಿದ್ದೇನೆ. ನಿಮ್ಮ ಪತ್ರವನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. "ಗಾಡಿ ವಿಷಯದಾಗ ನನ್ನ ಮಾತು ಕೇಳೂರು ಜಗತ್ತಿನ್ಯಾಗ ಒಬ್ಬರರೆ ಸಿಕ್ಕರಲ್ಲ" ಎಂದು ಬಹಳ ಸಂತೋಷಪಟ್ಟರು. ಅವರು ಸಂಸ್ಕೃತ ಪಾಠದಲ್ಲಿ ನಿರತರಾದ್ದರಿಂದ ಉತ್ತರ ನಾನು ಬರೆಯುತ್ತಿದ್ದೇನೆ.

ಡ್ರೈವರ್ ಕಾಲ ಕೆಳಗಿನ ಚಾಪೆ ಎತ್ತಿ ನೋಡಿರಿ. ತಗಡು ತುಕ್ಕು ಹಿಡಿದಿದೆ, ಮಳೆ ಇನ್ನೂ ಜೋರಾಗುವ ಮುಂಚೆ ತೇಪೆ ಹಾಕಿಸಬೇಕು. ಕೆಳಗಿನ ಉದ್ದನೆಯ ಶಾಫ್ಟಿನ ಕೀಲುಗಳಿಗೆ ತಿಂಗಳಿಗೊಮ್ಮೆ ಗ್ರೀಸು ಕೊಡಬೇಕು. ಮರೆತರೆ ಅದು ಕಟಕಟ ಎಂದು ತಾನೇ ಕೇಳುತ್ತದೆ. ರೇಡಿಯೇಟರಿನ ನೀರು ದಿನಾ ಬೆಳಿಗ್ಗೆ ನೋಡಿರಿ. ಮುಂಜಾನೆ ಚಳಿಯಲ್ಲಿ ಚೋಕ್ ಎಳೆದು ಸ್ವಲ್ಪ ಹೊತ್ತು ಸುಮ್ಮನೆ ಬಿಡಿರಿ. ಬೆನ್ನು ಚಪ್ಪರಿಸಿದ ಮೇಲೆ ಏಳುವ ಸ್ವಭಾವ ಅದರದ್ದು.

ದೊಡ್ಡ ಗೇರಿನ ಪಕ್ಕದ ಚಿಕ್ಕ ಲಿವರಿನ ಬಗ್ಗೆ ಕಾರ್ಖಾನೆಯ ಫೋರ್‌ಮನ್ನರಿಗೆ ನಾನು ಹೇಳುವುದೇನೂ ಇರಲಿಕ್ಕಿಲ್ಲ.

ನಿಮ್ಮ ಮೇಷ್ಟ್ರು ಇಳಿದು ಬರಲಿ.

ಮಹಾಂತಮ್ಮ


ರಾಜಗೋಪಾಲನಗರ
೧೧ ಆಗಸ್ಟ್ ೧೯೯೬

ಮಹಾಂತಮ್ಮನವರಿಗೂ, ತೆರೆಯ ಮರೆಯಲ್ಲಿ ನಿಂತು ನುಡಿಯುವ ತಮ್ಮ ಯಜಮಾನರಿಗೂ ಪ್ರಣಾಮ!

ಯಜಮಾನರ ಜ್ಞಾನಕ್ಕೆ ನನ್ನ ಕಿರೀಟ ತೆಗೆದಿಡುತ್ತೇನೆ. ಚಾಪೆ ಎತ್ತಿದೆ. ತೂತಿನಿಂದ ರಸ್ತೆ ಕಂಡಿತು! ನಮ್ಮ ಪ್ರೆಸ್‌ಶಾಪಿನ ತುಂಡು ತಗಡು ತಂದು, ಭಾನುವಾರ ಪೂರ್ತಿ ಕೂತು, ಅಂಚು ಅಂಚಿಗೆ ಕೂಡುವ ಹಾಗೆ ತೇಪೆ ಹಾಕಿದೆ. ನನ್ನ ಹೆಂಡತಿ ಕೃಷ್ಣಮ್ಮ ಬಗ್ಗಿ ನೋಡಿ, "ಮನೆ ಚಾವಣಿ ಸೋರಿ ಮೂರ್ ಮಳೆಗಾಲ ಆಯ್ತು. ಅದ್ಕೆ ಇಷ್ಟು ನಾಜೂಕಾಗಿ ಯಾವಾಗ್ ಕೂರ್ತೀರಾ?" ಎಂದಳು. ಗ್ರೀಸ್ ಗನ್ ಕೈಗೆತ್ತಿಕೊಂಡು ಗಾಡಿಯ ಕೆಳಗೆ ನುಸುಳಿದೆ.

ಮತ್ತೆ ಎರಡು ಚಕ್ರದಿಂದ ನಾಲ್ಕಕ್ಕೆ ಬದಲಿಸುವ ಆ ಚಿಕ್ಕ ಲಿವರು! ಮಲ್ಲಿಕ್ ಎರಡೇ ಚಕ್ರದಲ್ಲಿ ಓಡಿಸುತ್ತಿದ್ದರಂತೆ. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಗಾಡಿಯಲ್ಲಿ ಎರಡು ಸುಮ್ಮನೆ ಉರುಳಿಕೊಂಡು ಬರುವುದೇ? ನನ್ನ ಶಿಫ್ಟಿನಲ್ಲಿ ಯಾರೂ ಕೈಕಟ್ಟಿ ನಿಲ್ಲುವ ಪದ್ಧತಿಯಿಲ್ಲ. ಮೊದಲನೇ ದಿನವೇ ನಾಲ್ಕನ್ನೂ ಕೆಲಸಕ್ಕೆ ಹಚ್ಚಿದೆ. ದಿನಾ ಕಾರ್ಖಾನೆಗೂ ಅದರಲ್ಲೇ ಹೋಗುತ್ತೇನೆ, ಭಾನುವಾರ ತುಮಕೂರು ರಸ್ತೆಯಲ್ಲಿ ಮಾದನಾಯಕನಹಳ್ಳಿಯವರೆಗೆ ಸವಾರಿ. ತಿರುವಿನಲ್ಲಿ ಸ್ಟಿಯರಿಂಗು ಹೋರಿಯ ಕತ್ತಿನಂತೆ ಬಿಗಿಯುತ್ತದೆ. ಟೈರು ಕುಯ್ಯೆಂದು ಕೂಗುತ್ತದೆ. ಶಕ್ತಿಯೆಂದರೆ ಅದಲ್ಲವೇ! ಜಾಲಹಳ್ಳಿ ಕ್ರಾಸಿನಲ್ಲಿ ಟ್ರಾಫಿಕ್ ಪೊಲೀಸಿನವನೇ ತಿರುಗಿ ನೋಡಿದ.

ಯಜಮಾನರು ಏನೆನ್ನುತ್ತಾರೆ, ಬರೆಯಿರಿ.

ಚಿಕ್ಕಬೈರಪ್ಪ


ರಾಜಗೋಪಾಲನಗರ
೨ ಸೆಪ್ಟೆಂಬರ್ ೧೯೯೬

ಶ್ರೀಮತಿ ಮಹಾಂತಮ್ಮನವರಿಗೆ,

ಮೂರು ವಾರವಾಯಿತು. ತಮ್ಮಿಂದ ಉತ್ತರವಿಲ್ಲ. ಏಕಿಲ್ಲವೆಂದು ಈಗ ಅರ್ಥವಾಗುತ್ತಿದೆ!

ಗಾಡಿ ನಿಂತಿದೆ. ಚಿಕ್ಕ ಲಿವರು ಬಂಡೆಯಲ್ಲಿ ನೆಟ್ಟ ಗೂಟದಂತೆ ಅಲ್ಲಾಡುತ್ತಿಲ್ಲ. ನಮ್ಮ ವೆಲ್ಡರು ಲೋಕೇಶ್ ಎರಡೂ ಕಾಲು ಡ್ಯಾಶ್‌ಬೋರ್ಡಿಗೆ ಕೊಟ್ಟು ಎಳೆದ. ಅವನ ಸೊಂಟ ಹಿಡಿಯಿತೇ ಹೊರತು ಲಿವರು ಕದಲಲಿಲ್ಲ. ಮುಂದಿನ ಟೈರುಗಳ ಹಲ್ಲು ಏಳು ವಾರಕ್ಕೇ ತೇದು ಹೋಗಿವೆ. ತಿರುಗಿಸಲು ಹೋದರೆ ಹೊಟ್ಟೆಯೊಳಗಿನಿಂದ ನರಳುತ್ತದೆ. ಬೀದಿಯಲ್ಲಿ ನನಗೆ ತಲೆ ಎತ್ತಿ ನಡೆಯಲು ಆಗುತ್ತಿಲ್ಲ.

ತಾವು ಮರ್ಯಾದಸ್ಥರ ಮನೆತನದವರೆಂದು ನಂಬಿದೆ. ದೋಷವನ್ನು ಮುಚ್ಚಿಟ್ಟು, ಯಜಮಾನರು ಪಾಠದಲ್ಲಿ ನಿರತರೆಂದು ನೆಪ ಹೇಳಿ, ನನ್ನನ್ನು ರಂಗದ ನಡುವೆ ನಿಲ್ಲಿಸಿ ತೆರೆ ಎಳೆದುಬಿಟ್ಟಿರಿ. ನವೆಂಬರ್ ಒಂದಕ್ಕೆ ಎರಡು ತಿಂಗಳು. ನನ್ನ ಮೇಷ್ಟ್ರು ಬೆಟ್ಟದ ಮೇಲೇ ಉಳಿಯುತ್ತಾರೆ. ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಿರೋ ಇಲ್ಲವೋ, ಯಜಮಾನರ ಕೈಯಲ್ಲೇ ಬರೆಸಿ ಕಳಿಸಿ.

ಚಿಕ್ಕಬೈರಪ್ಪ


ಗದಗ
೮ ಸೆಪ್ಟೆಂಬರ್ ೧೯೯೬

ಶ್ರೀ ಚಿಕ್ಕಬೈರಪ್ಪನವರಿಗೆ,

ಮಗಳ ಬಾಣಂತನಕ್ಕೆಂದು ಹಾವೇರಿಗೆ ಹೋಗಿದ್ದೆ. ನಿನ್ನೆ ಬಂದು ನಿಮ್ಮ ಎರಡೂ ಪತ್ರಗಳನ್ನು ಒಟ್ಟಿಗೆ ಒಡೆದೆ. ಮೊದಲನೆಯದನ್ನು ಓದಿದಾಗಲೇ ಎರಡನೆಯದರಲ್ಲಿ ಏನಿರುತ್ತದೆ ಎಂದು ತಿಳಿಯಿತು.

ಗಾಡಿ ಕೆಟ್ಟಿಲ್ಲ. ನೀವು ಅದನ್ನು ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದಲ್ಲಿ ಓಡಿಸಿದ್ದೀರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಉದ್ದದ ದಾರಿ ಕ್ರಮಿಸುತ್ತವೆ. ಕೆಸರಿನಲ್ಲಾದರೆ ಒಂದಿಷ್ಟು ಜಾರಿ ಸರಿಹೋಗುತ್ತವೆ. ಒಣ ಡಾಂಬರಿನ ಮೇಲೆ ಜಾರಲು ಜಾಗವಿಲ್ಲದೆ ಆ ಜಗ್ಗಾಟವೆಲ್ಲ ಒಳಗಿನ ಹಲ್ಲುಗಳಲ್ಲಿ ಸೇರಿಕೊಂಡು ಬಿಗಿಯುತ್ತದೆ. ಆ ಎರಡು ಚಕ್ರ ಸೋಮಾರಿಗಳಲ್ಲರೀ. ಅವು ಬೆಟ್ಟಕ್ಕಾಗಿ ಕಾದಿರುವ ಚಕ್ರಗಳು.

ಮಾಡಬೇಕಾದ್ದು ಇಷ್ಟೆ. ಸ್ಟಿಯರಿಂಗ್ ನೇರವಾಗಿ ಹಿಡಿದು, ರಿವರ್ಸ್ ಹಾಕಿ, ಇಪ್ಪತ್ತು ಮೂವತ್ತು ಅಡಿ ಮೆಲ್ಲಗೆ ಹಿಂದಕ್ಕೆ ಹೋಗಿರಿ. ಧಡ್ ಎಂದು ಸದ್ದಾಗುತ್ತದೆ, ಹೆದರಬೇಡಿ. ಆಮೇಲೆ ಲಿವರು ಎರಡು ಬೆರಳಿಗೆ ಬರುತ್ತದೆ.

ಯಜಮಾನರ ಕೈಯಲ್ಲಿ ಬರೆಸಲು ಹೇಳಿದ್ದೀರಿ. ಅವರಿಗೆ ಆ ಗಾಡಿಯ ಹಿಂಬಾಗಿಲು ತೆಗೆಯಲೂ ಬರುವುದಿಲ್ಲ. ನಾನು ಪಶುವೈದ್ಯೆ. ಹೋದ ವರ್ಷ ನಿವೃತ್ತಳಾದೆ. ಕಪ್ಪತಗುಡ್ಡದ ಸುತ್ತಲಿನ ಊರುಗಳಿಗೆ ಎಂಟು ವರ್ಷ ಆ ಗಾಡಿಯನ್ನು ಓಡಿಸಿದವಳು, ಅದರ ಕೆಳಗೆ ಮಲಗಿ ಗ್ರೀಸು ಹಚ್ಚಿದವಳು ನಾನೇ. ಮೊದಲೇ ಹೇಳಬೇಕಿತ್ತು. ನೀವು ಅಷ್ಟು ಗೌರವದಿಂದ ಅವರನ್ನು ಕೇಳುತ್ತಿದ್ದಿರಿ, ಮನೆಯಲ್ಲಿ ಇಬ್ಬರೂ ಒಂದು ವಾರ ನಕ್ಕೆವು. ಆಮೇಲೆ, ನಿಜ ಹೇಳಿದರೆ ಇವರು ಕೇಳುವುದನ್ನೇ ನಿಲ್ಲಿಸಿಯಾರು ಅನ್ನಿಸಿತು. ಲಿವರಿನ ಬಗ್ಗೆ ಬಾಯಿ ಬಿಡದೆ ಹೋದದ್ದು ನನ್ನದೇ ತಪ್ಪು.

ಮಹಾಂತಮ್ಮ


ರಾಜಗೋಪಾಲನಗರ
೧೭ ಸೆಪ್ಟೆಂಬರ್ ೧೯೯೬

ಡಾಕ್ಟರಮ್ಮನವರ ಪಾದಕ್ಕೆ,

ನನ್ನ ಹೋದ ಪತ್ರವನ್ನು ಒಲೆಗೆ ಹಾಕಿ. ಬೂದಿಯನ್ನೂ ಇಟ್ಟುಕೊಳ್ಳಬೇಡಿ!

ಗೌರಿ ಹಬ್ಬದ ದಿನ ತಮ್ಮ ಪತ್ರ ಓದಿದೆ. ನಾನು ರಾಜಪಾರ್ಟಿನವನು ತಾಯಿ. ಇಪ್ಪತ್ತು ವರ್ಷದಲ್ಲಿ ವೇದಿಕೆಯ ಮೇಲೆ ಒಂದು ಹೆಜ್ಜೆ ಹಿಂದಿಟ್ಟವನಲ್ಲ. ಅಂಥವನು ಇಡೀ ಮೂರನೇ ಅಡ್ಡರಸ್ತೆ ನೋಡುತ್ತಿರುವಾಗ ಹಿಂದೆ ಹಿಂದೆ ಹೋದೆ. ಎದುರು ಮನೆಯ ಸಿದ್ದಲಿಂಗಯ್ಯ ಕಾಂಪೌಂಡಿನ ಮೇಲಿಂದ, "ಏನ್ ಬೈರಪ್ಪಣ್ಣ, ಗಾಡೀನ ಗದಗ್‌ವರ್ಗೂ ಇಂಗೇ ವಾಪಸ್ ಬಿಡ್ತೀರಾ?" ಎಂದ.

"ಸುಮ್ನಿರಯ್ಯ, ಡಾಕ್ಟ್ರು ಹೇಳವ್ರೆ!" ಎಂದೆ.

"ಗಾಡಿಗಾ, ನಿಮ್ಗಾ?"

ಇಪ್ಪತ್ತೈದನೇ ಅಡಿಗೆ ಧಡ್ ಎಂದಿತು ನೋಡಿ. ಕೃಷ್ಣಮ್ಮ ಒಳಗಿಂದ ಓಡಿ ಬಂದಳು. ನಾನು ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಲಿವರು ಎಳೆದೆ. ಬೆಣ್ಣೆ! ಗಾಡಿ ಒಂದು ನಿಟ್ಟುಸಿರು ಬಿಟ್ಟು ಹಗುರಾಯಿತು. ನಾನೂ ಬಿಟ್ಟೆ.

ಮುಂದಿನ ಎರಡು ಟೈರು ಬದಲಾಯಿಸಿದೆ. ಇನ್ನು ಡಾಂಬರಿನ ಮೇಲೆ ಆ ಎರಡು ಚಕ್ರಗಳಿಗೆ ಪೂರ್ಣ ವಿಶ್ರಾಂತಿ. ೨೯ನೇ ತಾರೀಖು ಭಾನುವಾರ ಬೆಟ್ಟಕ್ಕೆ ಹೊರಡುತ್ತೇನೆ. ಏರುವ ವಿಧಾನವನ್ನು ದಯವಿಟ್ಟು ತಾವೇ, ತಮ್ಮ ಕೈಯಾರೆ, ತಮ್ಮ ಹೆಸರಿನಲ್ಲೇ ಬರೆಯಿರಿ.

ತಮ್ಮ ಶಿಷ್ಯ,
ಚಿಕ್ಕಬೈರಪ್ಪ


ಗದಗ
೨೧ ಸೆಪ್ಟೆಂಬರ್ ೧೯೯೬

ಚಿಕ್ಕಬೈರಪ್ಪನವರೇ,

ಕಲ್ಲುದಾರಿಯ ಬುಡದಲ್ಲಿ ನಿಂತು ಲಿವರನ್ನು ನಾಲ್ಕು ಚಕ್ರದ ಲೋ ಗೇರಿಗೆ ಹಾಕಿರಿ. ಕ್ಲಚ್ಚಿನ ಮೇಲಿಂದ ಕಾಲು ತೆಗೆದುಬಿಡಿರಿ. ನಡೆಯುವ ಮನುಷ್ಯನಿಗಿಂತ ಜೋರಾಗಿ ಹೋಗಬೇಡಿ. ಕಲ್ಲು ಕಂಡರೆ ಅದರ ಮೇಲೆಯೇ ಚಕ್ರ ಹತ್ತಿಸಿರಿ, ಎರಡು ಚಕ್ರಗಳ ನಡುವೆ ಬಿಟ್ಟುಕೊಂಡರೆ ಹೊಟ್ಟೆಗೆ ಬಡಿಯುತ್ತದೆ. ಇಳಿಯುವಾಗಲೂ ಅದೇ ಗೇರು, ಬ್ರೇಕನ್ನು ನಂಬಬೇಡಿ. ಮೇಷ್ಟ್ರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಡಿರಿ.

ಹೋಗಿ ಬಂದ ದಿನವೇ ಬರೆಯಬೇಕು.

ಮಹಾಂತಮ್ಮ


ಗದಗ
೧೨ ಅಕ್ಟೋಬರ್ ೧೯೯೬

ಚಿಕ್ಕಬೈರಪ್ಪನವರೇ,

ಎರಡು ವಾರವಾಯಿತು. ನೀವು ಸುಮ್ಮನಿರುವ ಪೈಕಿಯವರಲ್ಲ. ಬೆಂಗಳೂರು ಕಡೆ ಮಳೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಗಾಡಿಗೆ ಏನಾದರೂ ಆಗಿದ್ದರೆ ಆಗಲಿ, ತಗಡು ಅದು. ನೀವೆಲ್ಲ ಕ್ಷೇಮವೋ? ಯಜಮಾನರು ದಿನಾ ಅಂಚೆಯವನನ್ನು ಬಾಗಿಲಲ್ಲೇ ಹಿಡಿದು ಕೇಳುತ್ತಾರೆ. ಒಂದು ಸಾಲು ಬರೆಯಿರಿ.

ಮಹಾಂತಮ್ಮ


ರಾಜಗೋಪಾಲನಗರ
೧೬ ಅಕ್ಟೋಬರ್ ೧೯೯೬

ಡಾಕ್ಟರಮ್ಮನವರಿಗೆ,

ಗಾಡಿ ಹತ್ತಿತು. ತಾವು ಹೇಳಿದ ಹಾಗೇ ಮಾಡಿದೆ. ಒಂದು ಕಡೆಯೂ ನಿಲ್ಲಲಿಲ್ಲ, ಜಾರಲಿಲ್ಲ. ಆ ಊರಿಗೆ ಹತ್ತಿದ ಮೊದಲನೇ ಮೋಟಾರಂತೆ, ಹೆಂಗಸರು ಆರತಿ ಮಾಡಿದರು.

ಮೇಷ್ಟ್ರು ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಗಾಡಿ ತಂದಿದ್ದೇನೆ, ಏಳಿ ಎಂದೆ. "ನಾನ್ ಇಳಿಯಾಕಿಲ್ಲ ಕಣ್ಲಾ ಬೈರ" ಎಂದರು.

"ಯಾಕ್ ಮೇಷ್ಟ್ರೇ? ಮೈ ಅಲ್ಲಾಡ್ದಂಗೆ ಕರ್ಕೊಂಡೋಯ್ತೀನಿ."

"ಇಳಿಯಾಕಿಲ್ಲ ಅಂದ್ಮೇಲೆ ಮುಗೀತು. ಯಾವನಾದ್ರೂ ಪ್ಯಾಟೆಯವನ್ನ ಕೂರಿಸ್ಕೊಳಿ ವೋಗ್ರಿ."

ಇದಿಷ್ಟೇ ಆಗಿದ್ದರೆ ಕಾಲು ಹಿಡಿದು ಒಪ್ಪಿಸುತ್ತಿದ್ದೆ. ನಮ್ಮ ಸಂಘದಲ್ಲಿ ಒಂದು ಪದ್ಧತಿಯಿದೆ. ನಾಟಕಕ್ಕೆ ಮುಂಚೆ ಮೇಷ್ಟ್ರು ಪ್ರತಿಯೊಬ್ಬನಿಗೂ ವೀಳ್ಯ ಕೊಡಬೇಕು. ಅವರ ಕೈಯಿಂದ ಎಲೆ ಅಡಿಕೆ ಬಂದರೆ ಪಾರ್ಟು ನಮ್ಮದು. ವೀಳ್ಯವನ್ನಾದರೂ ಕೊಡಿ ಎಂದು ಅಂಗೈ ಒಡ್ಡಿದೆ. ಅವರು ಮುಖ ಆ ಕಡೆ ತಿರುಗಿಸಿ ಎಡಗೈಯಲ್ಲಿ ಕೊಟ್ಟರು. ಡಾಕ್ಟರಮ್ಮ, ಎಡಗೈಯಲ್ಲಿ! ನಾಯಿಗೆ ಎಸೆದ ಹಾಗೆ. ಅವರ ಮಗಳು ತಲೆ ತಗ್ಗಿಸಿ ಒಳಗೆ ಹೋದಳು. ಹೋದ ವರ್ಷ ಸ್ವರ ಕೆಡಿಸಿಕೊಂಡವನನ್ನು ಅವರು ಕ್ಷಮಿಸಿಲ್ಲ. ಪಾರ್ಟು ಕಿತ್ತುಕೊಂಡರು.

ಇದನ್ನು ಯಾರಿಗೂ ಹೇಳಿಲ್ಲ. ಕೃಷ್ಣಮ್ಮನಿಗೂ. ರಾಜಪಾರ್ಟು ಬೇರೆಯವರಿಗೆ ಕೊಡಿ, ಗಂಟಲು ಸರಿಯಿಲ್ಲ ಎಂದು ಸಂಘದಲ್ಲಿ ಹೇಳಿಬಿಟ್ಟೆ. ಕಾಲಿನಿಂದ ತುಳಿಯುವ ಮೇಷ್ಟ್ರ ಆ ದೊಡ್ಡ ಹಾರ್ಮೋನಿಯಮ್ಮಿಗೆ ಸಂಘದ ಕೋಣೆಯಲ್ಲಿ ಬಟ್ಟೆ ಮುಚ್ಚಿದ್ದೇವೆ. ಇನ್ನು ನಾಲ್ಕು ದಿನಕ್ಕೆ ಆಯುಧಪೂಜೆ. ಗಾಡಿ ತೊಳೆಯಲೂ ಮನಸ್ಸಿಲ್ಲ.

ಚಿಕ್ಕಬೈರಪ್ಪ


ಗದಗ
೨೧ ಅಕ್ಟೋಬರ್ ೧೯೯೬

ಚಿಕ್ಕಬೈರಪ್ಪನವರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಒಂದು ಪ್ರಶ್ನೆ. ನೀವು ಅಲ್ಲಿದ್ದಷ್ಟು ಹೊತ್ತು ಮೇಷ್ಟ್ರ ಬಲಗೈಯನ್ನು ಒಮ್ಮೆಯಾದರೂ ನೋಡಿದಿರಾ? ನೋಡಿರಲಿಕ್ಕಿಲ್ಲ. ಅದು ಕಂಬಳಿಯೊಳಗಿತ್ತು.

ನನ್ನ ರೋಗಿಗಳಿಗೆ ಮಾತು ಬರುತ್ತಿರಲಿಲ್ಲ. ಮೂವತ್ತು ವರ್ಷ ಅವುಗಳ ನಿಲುವು ನೋಡಿಯೇ ನೋವು ಯಾವ ಕಾಲಿನಲ್ಲಿದೆ ಎಂದು ಹೇಳಬೇಕಿತ್ತು. ನೋವಿರುವ ಎತ್ತು ಆ ಮಗ್ಗುಲನ್ನು ಗೋಡೆಗೆ ಆನಿಸಿ ನಿಲ್ಲುತ್ತದೆ, ಹತ್ತಿರ ಹೋದರೆ ಹಾಯಲು ಬರುತ್ತದೆ. ಹಾಯುವುದು ಸಿಟ್ಟಿಗಲ್ಲ. ಶಿಷ್ಯನಿಗೆ ಅವಮಾನ ಮಾಡಬೇಕೆಂದಿದ್ದ ಮನುಷ್ಯ ಮುಖ ತಿರುಗಿಸುವುದಿಲ್ಲರೀ, ಕಣ್ಣಲ್ಲಿ ಕಣ್ಣಿಟ್ಟು ಕೊಡುತ್ತಾನೆ. ನಿಮ್ಮ ಮೇಷ್ಟ್ರಿಗೆ ಬಲಗೈ ಏಳುತ್ತಿಲ್ಲ. ಸಣ್ಣದಾಗಿ ಲಕ್ವ ಹೊಡೆದಿರಬೇಕು. ಹಾರ್ಮೋನಿಯಂ ನುಡಿಸುವವನು ಅದನ್ನು ಯಾರ ಮುಂದೆ ಹೇಳಿಯಾನು? ಮಗಳಿಗೆ ಗೊತ್ತು, ಅದಕ್ಕೇ ಅವಳು ಒಳಗೆ ಹೋದಳು.

ಈಗ ಹೀಗೆ ಮಾಡಿರಿ. ಆ ದೊಡ್ಡ ಹಾರ್ಮೋನಿಯಮ್ಮನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಮೇಲೆ ಹೋಗಿರಿ. ಅದಕ್ಕೆ ಗಾಳಿ ಕಾಲಿನಿಂದಲ್ಲವೇ? ಒಂದೇ ಕೈಗೂ ಅದು ನುಡಿದೀತು. ಕೈ ಹೇಗಿದೆ ಎಂದು ಕೇಳಬೇಡಿ. ಬನ್ನಿ ಎಂದೂ ಕರೆಯಬೇಡಿ. ಒಂದು ಸ್ವರ ಕೂತುಹೋಗಿ ನುಡಿಯುತ್ತಿಲ್ಲ, ನೋಡಿ ಎಂದು ಜಗಲಿಯ ಮೇಲಿಟ್ಟು ಮರೆಯಾಗಿಬಿಡಿರಿ. ಮೇವು ಮುಟ್ಟದ ದನದ ಎದುರು ನಿಂತುಕೊಂಡರೆ ಅದು ತಿನ್ನುವುದಿಲ್ಲ.

ಆಮೇಲೆ ಆಸ್ಪತ್ರೆಗೆ ತೋರಿಸುವುದನ್ನು ಮರೆಯಬೇಡಿ. ನನ್ನ ಊಹೆ ತಪ್ಪಿದ್ದರೂ ಸಿಟ್ಟು ಮಾಡಿ ಬರೆಯಿರಿ. ನಿಮ್ಮ ಸಿಟ್ಟಿನ ಪತ್ರ ಓದಲು ಚೆನ್ನಾಗಿರುತ್ತದೆ.

ಮಹಾಂತಮ್ಮ


ರಾಜಗೋಪಾಲನಗರ
೪ ನವೆಂಬರ್ ೧೯೯೬

ಡಾಕ್ಟರಮ್ಮನವರಿಗೆ,

ಅಕ್ಟೋಬರ್ ೨೭ರ ಭಾನುವಾರ ಬೆಟ್ಟ ಹತ್ತಿದೆ. ಲೋಕೇಶ್ ಹಿಂದೆ ಕೂತು ಹಾರ್ಮೋನಿಯಮ್ಮನ್ನು ತಬ್ಬಿ ಹಿಡಿದಿದ್ದ. ಜಗಲಿಯ ಮೇಲಿಟ್ಟೆವು. "ಒಂದ್ ಸ್ವರ ಕೂತೈತೆ ಮೇಷ್ಟ್ರೇ" ಎಂದೆ. ಗಾಡಿಗೆ ನೀರು ಹಾಕುವ ನೆಪ ಮಾಡಿ ಮನೆಯ ಹಿಂದಕ್ಕೆ ಹೋಗಿ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತೆವು.

ಬಹಳ ಹೊತ್ತು ಏನೂ ಇಲ್ಲ. ಕೋಳಿ ಕೆದಕುವ ಸದ್ದು. ಆಮೇಲೆ ಪೆಡಲು ಕಿರುಗುಟ್ಟಿತು. ಒಂದು ಸ್ವರ ಬಂತು, ಕೆಳಗಿನದು. ನಿಂತಿತು. ಮತ್ತೆ ಎರಡು. ರಾಜನ ಪ್ರವೇಶದ ಮಟ್ಟು ತಾಯಿ! ಎಡಗೈ ಒಂದೇ, ತಡವರಿಸಿಕೊಂಡು, ನನ್ನ ಹಳೆಯ ಶ್ರುತಿಗಿಂತ ಒಂದೂವರೆ ಸ್ವರ ಕೆಳಗೆ. ಲೋಕೇಶ್ ನನ್ನ ತೋಳು ಹಿಡಿದುಕೊಂಡ. ಮಟ್ಟು ನಾನು ಎತ್ತಿಕೊಳ್ಳಬೇಕಾದ ಜಾಗಕ್ಕೆ ಬಂದು ಕಾದು ನಿಂತಿತು. ಮೆದೆಯ ಹಿಂದಿನಿಂದಲೇ ಎತ್ತಿಕೊಂಡೆ. ಐವತ್ತನಾಲ್ಕು ವರ್ಷದ ಗಂಟಲು ಎಲ್ಲೂ ಕಿರ್ರೆನ್ನಲಿಲ್ಲ.

ಹಾಡು ಮುಗಿದ ಮೇಲೆ ಜಗಲಿಯಿಂದ ದನಿ ಬಂತು. "ಯಾವ್ ಸ್ವರಾನೂ ಕೂತಿಲ್ಲ ಕಣ್ಲಾ, ಸುಳ್ಳಾ. ಬಾ ಇತ್ಲಾಗೆ."

ಹೋದೆ. ಬಲಗೈಯನ್ನು ಅವರೇ ಎತ್ತಿ ಮಡಿಲ ಮೇಲಿಟ್ಟುಕೊಂಡಿದ್ದರು. ನೋಡಿದೆ. ಅವರೂ ನಾನು ನೋಡಿದ್ದನ್ನು ನೋಡಿದರು. ಆಮೇಲೆ ಮಗಳನ್ನು ಕೂಗಿ, "ನನ್ನ ಪಂಚೆ, ಜುಬ್ಬ ಕಟ್ಟು. ಇವ್ರ್ ತಾಳಕ್ಕೆ ಕಾವಲು ಬೇಕು" ಎಂದರು. ಮುಂದಿನ ಸೀಟು, ಬೆನ್ನಿಗೆ ದಿಂಬು, ಲೋ ಗೇರು. ಸೋಮವಾರ ಆಸ್ಪತ್ರೆಗೆ ತೋರಿಸಿದೆ. ತಮ್ಮ ಊಹೆ ಅಕ್ಷರಶಃ ನಿಜ. ಮಾತ್ರೆ, ಎಣ್ಣೆ, ದಿನಾ ಬೆರಳ ವ್ಯಾಯಾಮ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಸೆಂಬ್ಲಿ ಶೆಡ್ಡಿನಲ್ಲಿ ನಾಟಕ. ಯಂತ್ರಗಳಿಗೆ ಟಾರ್ಪಾಲು ಹೊದಿಸಿ, ಪ್ಯಾಕಿಂಗ್ ಪೆಟ್ಟಿಗೆಗಳ ಮೇಲೆ ವೇದಿಕೆ. ಮೇಷ್ಟ್ರು ಬಂದ ಮೇಲೆ ರಾಜಪಾರ್ಟು ಮತ್ತೆ ನನಗೇ ಬಂತು. ವೀಳ್ಯ ಎಲ್ಲರಿಗೂ ಎಡಗೈಯಲ್ಲೇ. ಎಲ್ಲರೂ ಬಗ್ಗಿ ಕಣ್ಣಿಗೊತ್ತಿಕೊಂಡರು. ನಾಟಕವನ್ನು ನಾನು ವರ್ಣಿಸುವುದಿಲ್ಲ. ಯಾರೂ ನಗಲಿಲ್ಲ ಎಂದರೆ ಸಾಕಲ್ಲ. ಕೃಷ್ಣಮ್ಮ ಮೊದಲನೇ ಸಾಲಿನಲ್ಲಿ ಕೂತು ಕೊನೆಯವರೆಗೂ ನೋಡಿದಳು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು.

ನಿನ್ನೆ ಮೇಷ್ಟ್ರನ್ನು ವಾಪಸು ಬಿಡಲು ಹೋದೆ. ಮಾಗಡಿಯವರೆಗೆ ತೂಕಡಿಸುತ್ತಿದ್ದರು. ಬೆಟ್ಟದ ಬುಡದಲ್ಲಿ ಗೇರು ಬದಲಿಸಿದ ಸದ್ದಿಗೆ ಎಚ್ಚರವಾಯಿತು. ನಾನು, ಒಂದು ಮಾತು, ಒಂದೇ ಒಂದು ಹೊಗಳಿಕೆ ಬರಬಹುದೆಂದು ಕಿವಿ ನೆಟ್ಟಗೆ ಮಾಡಿಕೊಂಡಿದ್ದೆ.

"ಎರಡ್ನೇ ಅಂಕದಾಗೆ ತಾಳಕ್ಕಿಂತ ಒಂದ್ ಏಟು ಮುಂಚಿತವಾಗಿ ನುಗ್ಗಿದ್ಯಲ್ಲ, ಯಾಕ್ಲಾ? ಮನೇಲಿ ಹಾಲು ಉಕ್ಕಿತ್ತಾ?" ಎಂದರು.

ಅಲ್ಲಿಂದ ಶುರು. ಮೂರನೇ ಅಂಕದ ಪದ, ಮಂತ್ರಿಯ ಕಾಲು, ಲೋಕೇಶನ ಮೀಸೆ, ಕೊನೆಯಲ್ಲಿ ನಾನು ಬಿದ್ದ ರೀತಿ, ಯುಗಾದಿಗೆ ಮಾಡಬೇಕಾದ ನಾಟಕಕ್ಕೆ ಈಗಿನಿಂದಲೇ ಏಕೆ ಕೂರಬೇಕೆಂಬುದು. ಪ್ರತಿ ಬಂಡೆಗೂ ಒಂದು ತಪ್ಪು. ನಡೆಯುವ ಮನುಷ್ಯನಿಗಿಂತ ಜೋರಾಗಿ ಹೋಗಬೇಡಿ ಎಂದು ತಾವು ಬರೆದಿದ್ದಿರಿ. ನಾನು ಅದಕ್ಕಿಂತಲೂ ನಿಧಾನವಾಗಿ ಹೋದೆ. ನಾಲ್ಕು ಕಿಲೋಮೀಟರು ಪೂರ್ತಿ ಬೈಸಿಕೊಂಡು ಹತ್ತಿದೆ ಡಾಕ್ಟರಮ್ಮ. ಇನ್ನೂ ಎರಡು ಕಿಲೋಮೀಟರು ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ತಮ್ಮ,
ಬೈರಪ್ಪ